ಫ್ಲೂ ಜ್ವರ: ಮನೆಯ ಆರೈಕೆ ಎಲ್ಲಿಯವರೆಗೆ, ಮಾತ್ರೆ ಯಾವಾಗ?

ಬೆಂಗಳೂರು: ಔಷಧ ಸೇವಿಸಿದರೆ ನೆಗಡಿ ಒಂದು ವಾರ, ಸೇವಿಸದಿದ್ದರೆ ಏಳು ದಿನ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ನೆಗಡಿಯ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ಫ್ಲೂ ಎಂದು ಕರೆಯಲಾಗುವ ಇನ್‌ಫ್ಲುಯೆಂಜಾ ಬರಿಯ ನೆಗಡಿಯಲ್ಲ. ಹೆಚ್ಚಿನವರಲ್ಲಿ ಅದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಎರವಾಗುತ್ತದೆ. ಯಾರು ಮನೆಯಲ್ಲಿಯೇ ಗುಣವಾಗುತ್ತಾರೆ, ಯಾರಿಗೆ ವೈದ್ಯರ ನೆರವು ತಡವಿಲ್ಲದೆ ಬೇಕು ಎಂಬುದನ್ನು ಮೊದಲ ಎರಡು ದಿನಗಳಲ್ಲಿಯೇ ತೀರ್ಮಾನಿಸಬೇಕಾಗುತ್ತದೆ. ಈ ತೀರ್ಮಾನ ನಡೆಯುವುದು ಆಸ್ಪತ್ರೆಯಲ್ಲಲ್ಲ, ಬಹುಮಟ್ಟಿಗೆ ಮನೆಯಲ್ಲಿ ಮತ್ತು ಬೀದಿ ಮೂಲೆಯ ಔಷಧದ ಅಂಗಡಿಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 30ರಿಂದ 50 ಲಕ್ಷ ಮಂದಿಗೆ ಋತುಮಾನದ ಫ್ಲೂ ತೀವ್ರವಾಗಿ ಬಾಧಿಸುತ್ತದೆ, 2.9 ಲಕ್ಷದಿಂದ 6.5 ಲಕ್ಷ ಮಂದಿ ಅದರಿಂದ ಉಂಟಾಗುವ ಉಸಿರಾಟದ ತೊಂದರೆಗಳಿಂದ ಸಾವನ್ನಪ್ಪುತ್ತಾರೆ. 1918ರಲ್ಲಿ ಮುಂಬಯಿ ಬಂದರಿನ ಮೂಲಕ ದೇಶವನ್ನು ಹೊಕ್ಕ ಫ್ಲೂ ಪಿಡುಗು ಭಾರತವೊಂದರಲ್ಲಿಯೇ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2009ರಲ್ಲಿ ಎಚ್‌1ಎನ್‌1 ತಳಿ ಹಂದಿಜ್ವರವೆಂಬ ಹೆಸರಿನಿಂದ ಮನೆಮಾತಾಯಿತು. 2015ರಲ್ಲಿ ಅದೇ ತಳಿ ಮರುಕಳಿಸಿದಾಗ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಪ್ರಕರಣಗಳು, ಸುಮಾರು ಮೂರು ಸಾವಿರ ಸಾವುಗಳು ದಾಖಲಾದವು. 2023ರ ಮಾರ್ಚ್‌ನಲ್ಲಿ ಎಚ್‌3ಎನ್‌2 ತಳಿಯಿಂದ ದೇಶದಲ್ಲಿ ಮೊದಲು ವರದಿಯಾದ ಸಾವುಗಳಲ್ಲಿ ಒಂದು ನಮ್ಮ ಹಾಸನ ಜಿಲ್ಲೆಯದು.

ಭಾರತದಲ್ಲಿ ಫ್ಲೂ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ತಲೆಯೆತ್ತುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಂದು ಬಾರಿ, ಮುಂಗಾರು ಮಳೆಯ ತಿಂಗಳುಗಳಲ್ಲಿ ಮತ್ತೊಂದು ಬಾರಿ. ಕರ್ನಾಟಕದ ಓದುಗರು ಈ ಎರಡೂ ಕಾಲಗಳಲ್ಲಿ ಎಚ್ಚರದಿಂದಿರುವುದು ಒಳಿತು.

ಫ್ಲೂ ಎಂದು ಗುರುತಿಸುವುದು ಹೇಗೆ?

ನೆಗಡಿ ಮೆಲ್ಲಮೆಲ್ಲನೆ ಬರುತ್ತದೆ: ಮೊದಲು ಸೀನು, ಬಳಿಕ ಮೂಗು ಸೋರುವಿಕೆ, ಆನಂತರ ಗಂಟಲು ಕೆರೆತ. ಫ್ಲೂ ಎರಗುವುದು ದಿಢೀರನೆ. ಬೆಳಿಗ್ಗೆ ಕಚೇರಿಗೆ ಹೋದವರು ಸಂಜೆಗೆ ಹಾಸಿಗೆ ಹಿಡಿಯುತ್ತಾರೆ. ಜ್ವರ, ಚಳಿ, ತಲೆನೋವು, ಮೈಕೈ ನೋವು, ಒಣಕೆಮ್ಮು, ಎದ್ದು ನಡೆಯಲೂ ಆಗದಷ್ಟು ಸುಸ್ತು ಇದರ ಮುಖ್ಯ ಲಕ್ಷಣಗಳು. ವೈರಸ್ ದೇಹವನ್ನು ಹೊಕ್ಕ ಒಂದರಿಂದ ನಾಲ್ಕು ದಿನಗಳೊಳಗೆ ಇವು ಕಾಣಿಸಿಕೊಳ್ಳುತ್ತವೆ. ಜ್ವರ ಮೂರು ನಾಲ್ಕು ದಿನಗಳಲ್ಲಿ ಇಳಿಯುವುದು ವಾಡಿಕೆ; ಕೆಮ್ಮು ಮತ್ತು ನಿಶ್ಶಕ್ತಿ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿಯಬಹುದು. ಮಕ್ಕಳಲ್ಲಿ ವಾಂತಿ ಭೇದಿಯೂ ಇರಬಹುದು. ವೃದ್ಧರಲ್ಲಿ ಕೆಲವೊಮ್ಮೆ ಜ್ವರವೇ ಕಾಣುವುದಿಲ್ಲ. ಊಟ ಬಿಡುವುದು, ಮಂಕಾಗುವುದು, ಮಾತು ತಡವರಿಸುವುದು ಇವೇ ಮೊದಲ ಸೂಚನೆಗಳಾಗಿರುತ್ತವೆ.

ಕೋವಿಡ್ ಮತ್ತು ಫ್ಲೂ ಜ್ವರಗಳನ್ನು ಲಕ್ಷಣಗಳಿಂದಷ್ಟೇ ಬೇರ್ಪಡಿಸುವುದು ಸಾಧ್ಯವಿಲ್ಲ; ಅದಕ್ಕೆ ಪರೀಕ್ಷೆಯೇ ಆಗಬೇಕು. ಮಳೆಗಾಲದಲ್ಲಿ ಇನ್ನೂ ಮುಖ್ಯವಾಗಿ ನೆನಪಿಡಬೇಕಾದ ಕಾಯಿಲೆ ಡೆಂಗಿ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಕೆಮ್ಮು, ನೆಗಡಿ, ಗಂಟಲು ನೋವು ಇಲ್ಲದೆ ಬರಿಯ ತೀವ್ರ ಜ್ವರ, ಕಣ್ಣಿನ ಹಿಂಬದಿಯ ನೋವು, ಕೀಲುನೋವು, ಮೈಮೇಲೆ ಕೆಂಪು ಗಂಧೆ ಕಂಡುಬಂದರೆ ಡೆಂಗಿಯ ರಕ್ತಪರೀಕ್ಷೆ ಮಾಡಿಸಬೇಕು. ಎರಡು ಕಾಯಿಲೆಗಳ ಅಪಾಯದ ಗಳಿಗೆಯೂ ಬೇರೆ ಬೇರೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿನಲ್ಲಿಯೇ ಅಪಾಯ ಹೆಚ್ಚು. ಫ್ಲೂ ಜ್ವರದಲ್ಲಿ ಇಳಿದ ಜ್ವರ ಮತ್ತೆ ಏರುವುದು ಅಪಾಯದ ಕರೆಗಂಟೆ. ಮಲೆನಾಡಿನ ಕಾಡಿನಂಚಿನಲ್ಲಿ ಓಡಾಡಿ ಬಂದವರಿಗೆ ಡಿಸೆಂಬರ್‌ನಿಂದ ಮೇ ತನಕ ಜ್ವರ ಬಂದರೆ ಮಂಗನಕಾಯಿಲೆಯ ಸಾಧ್ಯತೆಯನ್ನೂ ವೈದ್ಯರ ಗಮನಕ್ಕೆ ತರಬೇಕು.

ಮೂರು ವರ್ಗಗಳ ಸೂತ್ರ

2009ರ ಪಿಡುಗಿನ ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ರೋಗಿಗಳನ್ನು ಎ, ಬಿ, ಸಿ ಎಂಬ ಮೂರು ವರ್ಗಗಳಾಗಿ ವಿಂಗಡಿಸುವ ಕ್ರಮವೊಂದನ್ನು ರೂಪಿಸಿತು. ಮನೆಯವರಿಗೂ ಇದು ಉಪಯುಕ್ತ ಕೈದೀವಿಗೆ.

ಸೌಮ್ಯ ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು ಇರುವವರು ಎ ವರ್ಗ. ಇವರಿಗೆ ಪರೀಕ್ಷೆಯೂ ಬೇಡ, ವೈರಸ್ ನಿರೋಧಕ ಮಾತ್ರೆಯೂ ಬೇಡ. ಮನೆಯಲ್ಲಿಯೇ ಇದ್ದು ವಿಶ್ರಾಂತಿ ಪಡೆದರೆ ಸಾಕು. ಆದರೆ 24ರಿಂದ 48 ಗಂಟೆಗಳೊಳಗೆ ಸ್ಥಿತಿಯನ್ನು ಮತ್ತೆ ಅವಲೋಕಿಸಬೇಕು.

ಇದೇ ಲಕ್ಷಣಗಳ ಜೊತೆಗೆ ತೀವ್ರ ಜ್ವರ ಮತ್ತು ತೀವ್ರ ಗಂಟಲು ನೋವು ಇರುವವರು ಬಿ ವರ್ಗ. ಜ್ವರ ಸೌಮ್ಯವೇ ಆಗಿದ್ದರೂ ಅಪಾಯದ ಅಂಚಿನಲ್ಲಿರುವವರು ಇದೇ ವರ್ಗಕ್ಕೆ ಸೇರುತ್ತಾರೆ. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದ ಹಿರಿಯರು, ಮಧುಮೇಹ, ಆಸ್ತಮಾ, ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುತ್ತಿರುವವರು ಈ ಗುಂಪಿನವರು. ಇವರು ಜ್ವರ ಇಳಿಯುವುದೇನೋ ಎಂದು ಕಾಯುತ್ತ ಕೂರದೆ ಮೊದಲ ದಿನವೇ ವೈದ್ಯರನ್ನು ಕಾಣಬೇಕು.

ಉಸಿರಾಟದ ತೊಂದರೆ, ಎದೆನೋವು, ಮಂಪರು, ರಕ್ತದೊತ್ತಡ ಕುಸಿತ, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವಿಕೆ ಇದ್ದವರು ಸಿ ವರ್ಗ. ಇವರಿಗೆ ಆಸ್ಪತ್ರೆಯೊಂದೇ ದಾರಿ.

ಮನೆಯ ಆರೈಕೆ

ಮೊದಲನೆಯ ಔಷಧ ವಿಶ್ರಾಂತಿ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಕಚೇರಿಗೆ ಹೋಗುವವರು ತಮ್ಮ ಚೇತರಿಕೆಯನ್ನು ತಡಮಾಡಿಕೊಳ್ಳುವುದಲ್ಲದೆ ಬಸ್ಸಿನಲ್ಲಿ, ಮೆಟ್ರೋದಲ್ಲಿ ಪಕ್ಕದವರಿಗೂ ರೋಗ ಹಂಚುತ್ತಾರೆ. ಲಕ್ಷಣ ಕಾಣಿಸುವ ಒಂದು ದಿನ ಮೊದಲಿನಿಂದ ಸುಮಾರು ಐದರಿಂದ ಏಳು ದಿನಗಳ ತನಕ ರೋಗಿಯಿಂದ ಸೋಂಕು ಹರಡಬಲ್ಲದು. ಮಾತ್ರೆಯ ನೆರವಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗೆ ಮನೆಯಲ್ಲಿರುವುದು ಸೂಕ್ತ. ಶಾಲೆಯ ಮಕ್ಕಳಿಗೂ ಇದೇ ನಿಯಮ.

ಎರಡನೆಯದು ದ್ರವಾಹಾರ. ಜ್ವರದಲ್ಲಿ ಉಪವಾಸವೇ ಪರಮೌಷಧ ಎಂಬ ನಂಬಿಕೆ ಇಂದಿಗೂ ಹಲವು ಮನೆಗಳಲ್ಲಿದೆ. ಹಸಿವಿಲ್ಲದಾಗ ಬಲವಂತದ ಊಟ ಬೇಡವೆಂಬುದು ಸರಿ. ಆದರೆ ನೀರು ಬಿಡುವುದು ಸಲ್ಲದು. ಜ್ವರದ ಬೆವರು ಮತ್ತು ಉಸಿರಿನ ಮೂಲಕ ದೇಹ ಹೆಚ್ಚು ನೀರನ್ನು ಕಳೆದುಕೊಳ್ಳುತ್ತದೆ. ಗಂಜಿ, ತಿಳಿಸಾರು, ಬೇಳೆಕಟ್ಟು, ಮಜ್ಜಿಗೆ, ಎಳನೀರು ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕು. ವಾಂತಿ ಭೇದಿ ಇದ್ದರೆ ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಓಆರ್‌ಎಸ್ ಕದಡಿ ಕುಡಿಸಬೇಕು. ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ನೀರು ಸಾಕಾಗಿದೆ ಎಂದರ್ಥ. ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆ ಇರುವವರು ಮಾತ್ರ ಎಳನೀರು ಮತ್ತು ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ಮಧುಮೇಹಿಗಳು ತಮ್ಮ ಮಾತ್ರೆ, ಇನ್ಸುಲಿನ್‌ಗಳನ್ನು ತಾವಾಗಿಯೇ ನಿಲ್ಲಿಸಬಾರದು. ಜ್ವರದಲ್ಲಿ ರಕ್ತದ ಸಕ್ಕರೆ ಏರುವುದುಂಟು. ಊಟ ಸೇರದಿದ್ದರೆ ಔಷಧದ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು.

ಜ್ವರದ ಮಗುವಿಗೆ ಕಂಬಳಿ ಹೊದಿಸಿ ಕಿಟಕಿ ಮುಚ್ಚುವ ರೂಢಿ ಸರಿಯಲ್ಲ. ತೆಳುವಾದ ಹತ್ತಿ ಬಟ್ಟೆ ಮತ್ತು ಗಾಳಿಯಾಡುವ ಕೋಣೆ ಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸಿದರೆ ಹಿತವೆನಿಸುತ್ತದೆ. ಮಂಜುಗಡ್ಡೆ ಅಥವಾ ಸ್ಪಿರಿಟ್ ಬಳಸಿ ಒರೆಸುವುದು ಅಪಾಯಕಾರಿ.

ಅಡುಗೆಮನೆಯ ಔಷಧಗಳು

ಶುಂಠಿ, ತುಳಸಿ, ಮೆಣಸು, ಜೀರಿಗೆ, ಕೊತ್ತಂಬರಿ ಬೀಜದ ಕಷಾಯ ಕನ್ನಡದ ಪ್ರತಿ ಮನೆಯ ಮೊದಲ ಚಿಕಿತ್ಸೆ. ದೊಡ್ಡಪತ್ರೆಯ ರಸ, ಅರಿಸಿನದ ಹಾಲು, ಮೆಣಸಿನ ಸಾರು ಇವೂ ಇದೇ ಸಾಲಿನವು. ಇವು ಫ್ಲೂ ವೈರಸ್ಸನ್ನು ಕೊಲ್ಲುತ್ತವೆ ಎಂಬುದಕ್ಕೆ ದೃಢವಾದ ಆಧಾರವಿಲ್ಲ. ಆದರೆ ಬಿಸಿಯಾದ ಪಾನೀಯ ಗಂಟಲಿಗೆ ಹಿತ ನೀಡುತ್ತದೆ, ಕಫವನ್ನು ಸಡಿಲಿಸುತ್ತದೆ, ರೋಗಿಯ ಹೊಟ್ಟೆಗೆ ನೀರು ಸೇರಿಸುತ್ತದೆ. ಅಷ್ಟರ ಮಟ್ಟಿಗೆ ಇವುಗಳ ಪ್ರಯೋಜನ ನಿಜ. ಮಿತಿ ಮೀರಿದ ಖಾರದ ಕಷಾಯ ಹೊಟ್ಟೆಯುರಿ ತರುತ್ತದೆ. ಜ್ಯೇಷ್ಠಮಧು ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುವುದರಿಂದ ಬಿಪಿ ಇರುವವರು ಅದನ್ನು ದೂರವಿಡಬೇಕು. ಬೆಲ್ಲ ಬೆರೆಸಿದ ಕಷಾಯ ಮಧುಮೇಹಿಗಳಿಗೆ ಹೇಳಿದ್ದಲ್ಲ.

ಕೆಮ್ಮಿಗೆ ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಕೊಡುವುದು ಉಪಯುಕ್ತ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬಾಟುಲಿಸಮ್ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷ ಉತ್ಪಾದಿಸಬಲ್ಲವು. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ದೊಡ್ಡವರ ಗಂಟಲು ನೋವಿಗೆ ಶಮನಕಾರಿ.

ಹಬೆ ತೆಗೆದುಕೊಳ್ಳುವುದರಿಂದ ಕಟ್ಟಿದ ಮೂಗು ಕೆಲಹೊತ್ತು ಬಿಡುತ್ತದೆ, ವೈರಸ್ ಸಾಯುವುದಿಲ್ಲ. ಕುದಿಯುವ ನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವ ಅಪಾಯವಿರುವುದರಿಂದ ಮಕ್ಕಳಿಗೆ ಹಬೆ ಬೇಡ. ಅವರಿಗೆ ಔಷಧದ ಅಂಗಡಿಯಲ್ಲಿ ದೊರೆಯುವ ಉಪ್ಪುನೀರಿನ ಮೂಗಿನ ಹನಿ ಸುರಕ್ಷಿತ. ಕರ್ಪೂರ ಬೆರೆತ ಮುಲಾಮುಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು.

ಜ್ವರದ ಮಾತ್ರೆ: ಲೆಕ್ಕ ತಪ್ಪಬಾರದು

ಜ್ವರ ಮತ್ತು ನೋವಿಗೆ ಪ್ಯಾರಸಿಟಮಾಲ್ ಸಾಕು. ವಯಸ್ಕರು ಒಂದು ಬಾರಿಗೆ 500 ಅಥವಾ 650 ಮಿ.ಗ್ರಾಂ. ಮಾತ್ರೆಯನ್ನು ಕನಿಷ್ಠ ನಾಲ್ಕರಿಂದ ಆರು ಗಂಟೆಗಳ ಅಂತರದಲ್ಲಿ ಸೇವಿಸಬಹುದು. 24 ಗಂಟೆಗಳಲ್ಲಿ ಒಟ್ಟು ಪ್ರಮಾಣ ಯಾವ ಕಾರಣಕ್ಕೂ 4,000 ಮಿ.ಗ್ರಾಂ. ಮೀರಬಾರದು. ಯಕೃತ್ತಿನ ತೊಂದರೆ ಇರುವವರಿಗೆ, ನಿತ್ಯ ಮದ್ಯ ಸೇವಿಸುವವರಿಗೆ, ಕೃಶದೇಹಿಗಳಿಗೆ ಈ ಮಿತಿ ಇನ್ನೂ ಕಡಿಮೆ.

ಅಪಾಯ ಅಡಗಿರುವುದು ಹೆಸರುಗಳಲ್ಲಿ. ಕ್ರೋಸಿನ್, ಕ್ಯಾಲ್ಪಾಲ್, ಡೋಲೋ ಎಂಬ ಹೆಸರುಗಳ ಹಿಂದಿರುವುದು ಒಂದೇ ಔಷಧ. ಅಂಗಡಿಯಲ್ಲಿ ನೆಗಡಿಗೆಂದು ಕೊಡುವ ಬಹುತೇಕ ಮಿಶ್ರ ಮಾತ್ರೆಗಳಲ್ಲಿಯೂ ಅದೇ ಪ್ಯಾರಸಿಟಮಾಲ್ ಇರುತ್ತದೆ. ಜ್ವರಕ್ಕೆಂದು 650 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ನಾಲ್ಕು ಬಾರಿ ನುಂಗಿದರೆ 2,600 ಮಿ.ಗ್ರಾಂ. ಆಯಿತು. ಅದರ ಜೊತೆಗೆ ನೆಗಡಿಗೆಂದು 500 ಮಿ.ಗ್ರಾಂ. ಪ್ಯಾರಸಿಟಮಾಲ್ ಇರುವ ಮಿಶ್ರ ಮಾತ್ರೆಯನ್ನು ಮೂರು ಬಾರಿ ನುಂಗಿದರೆ ಮತ್ತೆ 1,500. ಒಟ್ಟು 4,100. ರೋಗಿ ತನಗರಿವಿಲ್ಲದೆಯೇ ಮಿತಿ ದಾಟಿರುತ್ತಾನೆ, ಪೆಟ್ಟು ಬೀಳುವುದು ಯಕೃತ್ತಿಗೆ. ಆದ್ದರಿಂದ ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ಮುದ್ರಿತವಾಗಿರುವ ಔಷಧದ ಹೆಸರನ್ನು ಓದಿಯೇ ಸೇವಿಸಬೇಕು.

ಮಕ್ಕಳಿಗೆ ಪ್ರಮಾಣ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ತೂಕದಿಂದ. ಪ್ರತಿ ಕಿಲೋ ತೂಕಕ್ಕೆ ಒಂದು ಬಾರಿಗೆ 10ರಿಂದ 15 ಮಿ.ಗ್ರಾಂ. ಎಂಬುದು ಲೆಕ್ಕ. 12 ಕಿಲೋ ತೂಗುವ ಮಗುವಿಗೆ 120ರಿಂದ 180 ಮಿ.ಗ್ರಾಂ. ಆಗುತ್ತದೆ. ಇಲ್ಲಿಯೂ ಎಚ್ಚರ ಬೇಕು. ಸಿರಪ್‌ಗಳಲ್ಲಿ ಐದು ಮಿಲಿಲೀಟರಿಗೆ 125 ಮಿ.ಗ್ರಾಂ. ಇರುವುದೂ ಉಂಟು, 250 ಇರುವುದೂ ಉಂಟು. ಎಳೆಗೂಸುಗಳ ಹನಿ ಔಷಧದಲ್ಲಿ ಒಂದೇ ಮಿಲಿಲೀಟರಿಗೆ 100 ಮಿ.ಗ್ರಾಂ. ಇರುತ್ತದೆ. ಸಿರಪ್ಪಿನ ಅಳತೆಯಲ್ಲಿ ಹನಿ ಔಷಧ ಕುಡಿಸಿದರೆ ಪ್ರಮಾಣ ಹಲವು ಪಟ್ಟು ಹೆಚ್ಚುತ್ತದೆ. ಬಾಟಲಿಯೊಂದಿಗೆ ಬರುವ ಅಳತೆಯ ಮುಚ್ಚಳವನ್ನೇ ಬಳಸಬೇಕು. ಅಡುಗೆಮನೆಯ ಚಮಚ ಸಲ್ಲದು.

ಬೇಡವಾದ ಔಷಧಗಳು

ಆಸ್ಪಿರಿನ್: ಹದಿನೆಂಟು ವರ್ಷದೊಳಗಿನವರಿಗೆ ಫ್ಲೂ ಜ್ವರದಲ್ಲಿ ಆಸ್ಪಿರಿನ್ ಕೊಡಬಾರದು. ಮಿದುಳು ಮತ್ತು ಯಕೃತ್ತನ್ನು ಹಾಳುಗೆಡವುವ ರೇ ಸಿಂಡ್ರೋಮ್ ಎಂಬ ಅಪರೂಪದ, ಮಾರಕ ತೊಂದರೆಗೆ ಅದು ದಾರಿಯಾಗಬಹುದು. ಹೃದ್ರೋಗಕ್ಕೆಂದು ನಿತ್ಯ ಸೇವಿಸುವ ಹಿರಿಯರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಐಬುಪ್ರೊಫೆನ್, ಡೈಕ್ಲೊಫೆನಾಕ್: ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಈ ನೋವುನಿವಾರಕಗಳು ಬೇಡ. ಡೆಂಗಿಯಲ್ಲಿ ಇವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ನಿಮೆಸುಲೈಡ್ ಔಷಧವನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2011ರಲ್ಲಿಯೇ ನಿಷೇಧಿಸಿದೆ.

ಆ್ಯಂಟಿಬಯಾಟಿಕ್: ಫ್ಲೂ ಬರುವುದು ವೈರಸ್ಸಿನಿಂದ, ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಮೂರು ದಿನದ ಅಜಿತ್ರೊಮೈಸಿನ್ ನುಂಗಿ ಜ್ವರ ಬಿಟ್ಟಿತೆಂದು ಹೇಳುವವರಿಗೆ ಮಾತ್ರೆಯಿಲ್ಲದಿದ್ದರೂ ಆ ಹೊತ್ತಿಗೆ ಜ್ವರ ಬಿಡುತ್ತಿತ್ತು. 2023ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘವು ಋತುಮಾನದ ಜ್ವರ ಕೆಮ್ಮುಗಳಿಗೆ ಆ್ಯಂಟಿಬಯಾಟಿಕ್ ಬರೆಯಬಾರದೆಂದು ವೈದ್ಯರಿಗೇ ಮನವಿ ಮಾಡಿಕೊಂಡಿತ್ತು. ಫ್ಲೂ ಹಿಂದೆಯೇ ಬ್ಯಾಕ್ಟೀರಿಯಾದ ನ್ಯುಮೋನಿಯಾ ತಗುಲಿದಾಗ ಇವೇ ಔಷಧಗಳು ಪ್ರಾಣರಕ್ಷಕವಾಗುತ್ತವೆ. ಅಂದು ಕೆಲಸ ಮಾಡಬೇಕಾದರೆ ಇಂದು ಸುಮ್ಮನೆ ನುಂಗಬಾರದು.

ಕೆಮ್ಮಿನ ಸಿರಪ್: ಮಧ್ಯಪ್ರದೇಶದಲ್ಲಿ ಕಲಬೆರಕೆ ಸಿರಪ್ಪಿನಿಂದ ಮಕ್ಕಳು ಸಾವನ್ನಪ್ಪಿದ ಬಳಿಕ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸಲಹೆಯೊಂದನ್ನು ಹೊರಡಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಕೂಡದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂಬುದು ಅದರ ಸಾರ. ದೊಡ್ಡವರಲ್ಲಿಯೂ ಮೂಗುಕಟ್ಟು ಬಿಡಿಸುವ ಕೆಲವು ಔಷಧಗಳು ರಕ್ತದೊತ್ತಡ ಏರಿಸುತ್ತವೆ. ನೆಗಡಿಯ ಕೆಲವು ಮಾತ್ರೆಗಳು ನಿದ್ದೆ ತರಿಸುವುದರಿಂದ ಅವನ್ನು ಸೇವಿಸಿ ವಾಹನ ಚಲಾಯಿಸಬಾರದು.

ವೈರಸ್ ನಿರೋಧಕ ಔಷಧ

ಫ್ಲೂ ವೈರಸ್ಸಿನ ಮೇಲೆಯೇ ನೇರವಾಗಿ ಕೆಲಸ ಮಾಡುವ ಔಷಧಗಳಲ್ಲಿ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಒಸೆಲ್ಟಾಮಿವಿರ್. ಟಾಮಿಫ್ಲೂ ಎಂಬ ಹೆಸರಿನಿಂದ 2009ರಲ್ಲಿ ಪ್ರಸಿದ್ಧವಾದದ್ದು ಇದೇ. ಜೀವಕೋಶದೊಳಗೆ ಹುಟ್ಟಿದ ಹೊಸ ವೈರಸ್ ಕಣಗಳು ಹೊರಬರಲು ನ್ಯೂರಮಿನಿಡೇಸ್ ಎಂಬ ಕಿಣ್ವ ಬೇಕು. ಈ ಔಷಧ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ವೈರಸ್ ಪಕ್ಕದ ಜೀವಕೋಶಕ್ಕೆ ಹರಡಲಾರದೆ ಉಳಿಯುತ್ತದೆ. ಈಗಾಗಲೇ ಹರಡಿ ಮುಗಿದ ವೈರಸ್ಸಿನ ಮೇಲೆ ಇದರ ಪರಿಣಾಮ ಕಡಿಮೆ. ಲಕ್ಷಣ ಕಾಣಿಸಿಕೊಂಡ 48 ಗಂಟೆಗಳೊಳಗೆ ಆರಂಭಿಸಬೇಕೆನ್ನುವುದು ಈ ಕಾರಣಕ್ಕಾಗಿಯೇ.

ವಯಸ್ಕರಿಗೆ ಸಾಮಾನ್ಯ ಪ್ರಮಾಣ 75 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ, ಐದು ದಿನ. ಮಕ್ಕಳಿಗೆ ತೂಕಕ್ಕೆ ತಕ್ಕಂತೆ, ಮೂತ್ರಪಿಂಡದ ತೊಂದರೆ ಇರುವವರಿಗೆ ತಗ್ಗಿಸಿ ವೈದ್ಯರು ನಿರ್ಧರಿಸುತ್ತಾರೆ. ವಾಕರಿಕೆ, ವಾಂತಿ ಇದರ ಸಾಮಾನ್ಯ ಅಡ್ಡಪರಿಣಾಮಗಳು. ಊಟದೊಂದಿಗೆ ಸೇವಿಸಿದರೆ ಕಡಿಮೆಯಾಗುತ್ತವೆ. ಆರೋಗ್ಯವಂತರಲ್ಲಿ ಈ ಔಷಧ ಕಾಯಿಲೆಯ ಅವಧಿಯನ್ನು ಸುಮಾರು ಒಂದು ದಿನದಷ್ಟು ಮಾತ್ರ ತಗ್ಗಿಸುತ್ತದೆ. ಹೀಗಾಗಿ ಎಲ್ಲರಿಗೂ ಇದರ ಅಗತ್ಯವಿಲ್ಲ. ಅಪಾಯದ ಅಂಚಿನಲ್ಲಿರುವವರಿಗೆ, ಗರ್ಭಿಣಿಯರಿಗೆ, ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ ತಡಮಾಡದೆ ಕೊಡಬೇಕು. ಇಂಥವರಿಗೆ ಪರೀಕ್ಷೆಯ ವರದಿಗಾಗಿ ಕಾಯುವುದೂ ಸರಿಯಲ್ಲ. 48 ಗಂಟೆ ಕಳೆದಿದ್ದರೂ ತೀವ್ರ ಸ್ಥಿತಿಯಲ್ಲಿರುವವರಿಗೆ ಔಷಧ ನೀಡಲಾಗುತ್ತದೆ. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ. ಮುಂದಿನ ಬಾರಿಗೆಂದು ಅರ್ಧ ಉಳಿಸಿಡುವುದು ಅಥವಾ ನೆರೆಮನೆಯವರಿಗೆ ಕೊಡುವುದು ತಪ್ಪು.

ಅಪಾಯದ ಚಿಹ್ನೆಗಳು

ವಯಸ್ಕರಲ್ಲಿ: ಏದುಸಿರು, ಎದೆನೋವು, ಗೊಂದಲ ಅಥವಾ ಎಚ್ಚರಿಸಿದರೂ ಏಳದ ಮಂಪರು, ಮೂತ್ರ ನಿಲ್ಲುವಿಕೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗೆ ಇಳಿಯುವುದು, ಗುಣವಾಗುತ್ತಿದ್ದ ಜ್ವರ ಕೆಮ್ಮು ಮತ್ತೆ ಉಲ್ಬಣಿಸುವುದು.

ಮಕ್ಕಳಲ್ಲಿ: ವೇಗದ ಉಸಿರಾಟ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಫಿಟ್ಸ್, ಹಾಲು ನೀರು ಬಿಡುವುದು, ಎಂಟು ಗಂಟೆ ಮೂತ್ರ ಹೋಗದಿರುವುದು, ಅತ್ತರೆ ಕಣ್ಣೀರು ಬಾರದಿರುವುದು. ಉಸಿರನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರಾಟ. ಮೂರು ತಿಂಗಳೊಳಗಿನ ಶಿಶುವಿಗೆ ಯಾವುದೇ ಜ್ವರ ಬಂದರೂ ಆಸ್ಪತ್ರೆಗೆ ಒಯ್ಯಬೇಕು.

ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು.

ಮನೆಯ ಉಳಿದವರು ಮತ್ತು ಲಸಿಕೆ

ರೋಗಿಗೆ ಸಾಧ್ಯವಾದರೆ ಬೇರೆ ಕೋಣೆ, ಇಲ್ಲವಾದರೆ ಕಿಟಕಿಯ ಪಕ್ಕದ ಹಾಸಿಗೆ. ರೋಗಿಯೂ ಆರೈಕೆ ಮಾಡುವವರೂ ಮುಖಗವಸು ಧರಿಸುವುದು, ಸಾಬೂನಿನಿಂದ ಕೈ ತೊಳೆಯುವುದು, ಮೊಣಕೈಗೆ ಮುಖವಿಟ್ಟು ಕೆಮ್ಮುವುದು ಇವಿಷ್ಟು ಸಾಕು. ಅಜ್ಜ ಅಜ್ಜಿಯರನ್ನು ಆರೈಕೆಯ ಹೊಣೆಯಿಂದ ಬಿಡಿಸಬೇಕು. ಜ್ವರ ಬಂದ ತಾಯಿ ಮುಖಗವಸು ಧರಿಸಿ, ಕೈ ತೊಳೆದು ಮಗುವಿಗೆ ಎದೆಹಾಲು ಮುಂದುವರಿಸಬಹುದು.

ಫ್ಲೂ ವೈರಸ್ ವರ್ಷದಿಂದ ವರ್ಷಕ್ಕೆ ರೂಪ ಬದಲಿಸುವುದರಿಂದ ಲಸಿಕೆಯನ್ನೂ ಪ್ರತಿವರ್ಷ ಹಾಕಿಸಬೇಕಾಗುತ್ತದೆ. ಆರು ತಿಂಗಳು ತುಂಬಿದ ಮಕ್ಕಳಿಂದ ಹಿಡಿದು ಎಲ್ಲ ವಯಸ್ಸಿನವರೂ ಪಡೆಯಬಹುದು. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಬಾರಿ ನಾಲ್ಕು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಬೇಕು. ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುವುದರಿಂದ ಮುಂಗಾರಿಗೆ ಮುನ್ನ, ಏಪ್ರಿಲ್ ಮೇ ತಿಂಗಳಲ್ಲಿ ಹಾಕಿಸುವುದು ನಮ್ಮ ರಾಜ್ಯಕ್ಕೆ ಸೂಕ್ತ. ಲಸಿಕೆ ಪಡೆದವರಿಗೂ ಫ್ಲೂ ಬರಬಹುದು. ಆದರೆ ಅದು ಆಸ್ಪತ್ರೆಯ ತನಕ ಹೋಗುವ ಸಂಭವ ಕಡಿಮೆ.

ಕೊನೆಗೊಂದು ಸಲಹೆ. ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಒಂದು ಹಾಳೆಯಲ್ಲಿ ಜ್ವರ ಆರಂಭವಾದ ದಿನ ಮತ್ತು ಹೊತ್ತು, ಥರ್ಮಾಮೀಟರಿನ ಅಂಕಿ, ಕೊಟ್ಟ ಮಾತ್ರೆಯ ಹೆಸರು ಮತ್ತು ಸಮಯ, ಮೂತ್ರ ಹೋದ ಹೊತ್ತು ಇವನ್ನು ಬರೆದಿಡಬೇಕು. ವೈದ್ಯರು ಕೇಳುವ ಮೊದಲ ಪ್ರಶ್ನೆ, ಜ್ವರ ಎಂದಿನಿಂದ ಎಂಬುದು. 48 ಗಂಟೆಗಳ ಲೆಕ್ಕವೂ 4,000 ಮಿಲಿಗ್ರಾಮಿನ ಲೆಕ್ಕವೂ ನೆನಪಿನ ಮೇಲೆ ನಿಂತರೆ ತಪ್ಪಬಹುದು, ಹಾಳೆಯ ಮೇಲಿದ್ದರೆ ತಪ್ಪುವುದಿಲ್ಲ.